ಮುಂದೂಡಿದ ಮಾತಿನ ಭಾರ

ಕೊಟ್ಟ ಮಾತಿಗೂ ಅದು ನಡೆಯುವ ದಿನಕ್ಕೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಜೋಳ ಬಿತ್ತಿದ ಒಕ್ಕಲಿಗನಿಗೆ ಆ ಅಂತರ ನಾಲ್ಕು ತಿಂಗಳು. ಮಗಳ ಮದುವೆಯನ್ನು ನಿಶ್ಚಯಿಸಿದ ಗೃಹಸ್ಥನಿಗೆ ಆರು ತಿಂಗಳೋ ವರ್ಷವೋ. ವಿಮಾನವನ್ನು ಕೊಳ್ಳಲು ಹೊರಟ ಸಂಸ್ಥೆಗೆ ಐದಾರು ವರ್ಷ. ಈ ಅಂತರದಲ್ಲಿ ಮಳೆ ಕೈಕೊಡಬಹುದು, ಬೆಲೆ ಬೀಳಬಹುದು, ಕೈಯಲ್ಲಿದ್ದ ಹಣ ಬತ್ತಬಹುದು. ಆಗ ಮಾತು ಕೊಟ್ಟವನು ಅದನ್ನು ಮುರಿಯಲೂ ಆರದೆ, ನಡೆಸಲೂ ಆರದೆ ಹಿಡಿಯುವ ಮೂರನೆಯ ದಾರಿಯೇ ಮುಂದೂಡಿಕೆ. ಮುಂದೂಡುವುದನ್ನು ಲೋಕವು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಆದರೆ ಹಾಗೆ ಮುಂದೂಡಿದ ಮಾತಿನ ಭಾರ ಎಲ್ಲಿಗೆ ಹೋಗಿ ಇಳಿಯುತ್ತದೆ, ಕೊನೆಗೆ ಯಾರ ಹೆಗಲ ಮೇಲೆ ಕೂರುತ್ತದೆ ಎಂಬುದನ್ನು ವಿವೇಚಿಸಿದವರು ವಿರಳ. 2008 ಮತ್ತು 2009ರ ಜಾಗತಿಕ ಆರ್ಥಿಕ ಹಿಂಜರಿತದ ಕಾಲದಲ್ಲಿ ವಿಮಾನ ಸಂಸ್ಥೆಗಳು ನಡೆಸಿದ ಮುಂದೂಡಿಕೆ ಈ ವಿವೇಚನೆಗೆ ಒಂದು ನಿದರ್ಶನ. ಅದರ ತುದಿಯನ್ನು ಕಾಣಬೇಕಾದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯವರೆಗೆ ಬರಬೇಕಾಗುತ್ತದೆ.

ಆ ಕಾರ್ಖಾನೆಯ ಒಡೆಯರು ಬೈಲಹೊಂಗಲ ಸೀಮೆಯ ಒಂದು ಹಳ್ಳಿಯವರು. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಕಾರ್ಖಾನೆಗಳಲ್ಲಿ ಹತ್ತು ವರ್ಷ ದುಡಿದು, ಕೂಡಿಟ್ಟ ಹಣದಲ್ಲಿ ಒಂದು ಸಿ.ಎನ್.ಸಿ. ಯಂತ್ರವನ್ನು ತಂದು ಸ್ವಂತ ಕೆಲಸ ಆರಂಭಿಸಿದವರು. 2008ರ ವೇಳೆಗೆ ಅವರಲ್ಲಿ ಹನ್ನೊಂದು ಜನ ದುಡಿಯುತ್ತಿದ್ದರು. ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯನ್ನು ಕೊರೆದು, ಬೇಡವಾದುದನ್ನೆಲ್ಲ ಚೂರುಚೂರಾಗಿ ತೆಗೆದುಹಾಕಿ, ಅಂಗೈಯಗಲದ ಬ್ರಾಕೆಟ್ಟುಗಳನ್ನು ಮಾಡುವುದು ಅವರ ಕಾಯಕ. ಆ ಬ್ರಾಕೆಟ್ಟುಗಳು ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಗೆ ಹೋಗುತ್ತಿದ್ದವು. ಅಲ್ಲಿ ಬೇರೆ ಭಾಗಗಳೊಡನೆ ಕೂಡಿ ಯುರೋಪಿಗೆ ಹೋಗಿ ವಿಮಾನದ ಒಡಲನ್ನು ಸೇರುತ್ತಿದ್ದವು. ಬೆಂಗಳೂರಿಗೆ ಈ ಕೆಲಸ ಹೊಸತೇನೂ ಅಲ್ಲ. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು 1980ರ ದಶಕದ ಕೊನೆಯಿಂದಲೇ ಏರ್‌ಬಸ್ ಎ320 ವಿಮಾನಗಳಿಗೆ ಬಾಗಿಲುಗಳನ್ನು ಮಾಡಿ ಕಳುಹಿಸುತ್ತ ಬಂದಿದೆ.

ವಿಮಾನದ ವ್ಯಾಪಾರ ಸಂತೆಯ ವ್ಯಾಪಾರದಂತಲ್ಲ. ವಿಮಾನ ಸಂಸ್ಥೆಯೊಂದು ಇಷ್ಟು ವಿಮಾನ ಬೇಕೆಂದು ಒಪ್ಪಂದಕ್ಕೆ ಸಹಿ ಹಾಕುವಾಗ ಒಂದಿಷ್ಟು ಮುಂಗಡ ಕೊಟ್ಟು ಸರದಿಯಲ್ಲಿ ಸ್ಥಾನ ಹಿಡಿಯುತ್ತದೆ. ಹಸ್ತಾಂತರದ ದಿನ ಹತ್ತಿರವಾದಂತೆ, ಸಾಮಾನ್ಯವಾಗಿ ಕೊನೆಯ ಎರಡು ವರ್ಷಗಳಲ್ಲಿ, ಕಂತುಕಂತಾಗಿ ಮತ್ತಷ್ಟು ಹಣ ಕಟ್ಟುತ್ತದೆ. ವಿಮಾನ ಕೈಸೇರುವ ಮುನ್ನವೇ ಬೆಲೆಯ ಐದನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಸಂದಾಯವಾಗಿರುತ್ತದೆ. ಉಳಿದುದನ್ನು ಹಸ್ತಾಂತರದ ದಿನ ಒಂದೇ ಬಾರಿಗೆ ತೆರಬೇಕು. ಅಷ್ಟು ಹಣ ಯಾವ ಸಂಸ್ಥೆಯ ಪೆಟ್ಟಿಗೆಯಲ್ಲೂ ಸುಮ್ಮನೆ ಇರುವುದಿಲ್ಲ. ಬ್ಯಾಂಕಿನ ಸಾಲದಿಂದಲೋ, ವಿಮಾನವನ್ನು ಗುತ್ತಿಗೆ ಸಂಸ್ಥೆಗೆ ಮಾರಿ ಅದನ್ನೇ ಬಾಡಿಗೆಗೆ ಪಡೆಯುವುದರಿಂದಲೋ ಅದು ಹುಟ್ಟಬೇಕು. ಅರ್ಥಾತ್, ವಿಮಾನಯಾನದ ಈ ಇಡೀ ಕಟ್ಟಡ ನಿಂತಿರುವುದು ಐದಾರು ವರ್ಷಗಳ ನಂತರವೂ ಪ್ರಯಾಣಿಕರು ಬರುತ್ತಾರೆ, ಬ್ಯಾಂಕುಗಳು ಸಾಲ ಕೊಡುತ್ತವೆ ಎಂಬ ನಂಬಿಕೆಯ ಮೇಲೆ.

2007ರಲ್ಲಿ ಆ ನಂಬಿಕೆ ಮುಗಿಲು ಮುಟ್ಟಿತ್ತು. ರದ್ದಾದುದನ್ನು ಕಳೆದ ಮೇಲೂ ಆ ಒಂದೇ ವರ್ಷದಲ್ಲಿ ಏರ್‌ಬಸ್‌ಗೆ 1,341, ಬೋಯಿಂಗ್‌ಗೆ 1,413 ವಿಮಾನಗಳ ಬೇಡಿಕೆ ಬಂದಿತ್ತು. ಭಾರತದ ಸಂಸ್ಥೆಗಳೂ ಹಿಂದೆ ಬಿದ್ದಿರಲಿಲ್ಲ. 2005ರ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ, ಇನ್ನೂ ಒಂದು ಹಾರಾಟವನ್ನೂ ನಡೆಸದಿದ್ದ ಇಂಡಿಗೊ ನೂರು ಎ320 ವಿಮಾನಗಳಿಗೆ ಮಾತು ಕೊಟ್ಟಿತು. ಬೆಂಗಳೂರಿನ ನಂಟಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಎರಡಂತಸ್ತಿನ ಐದು ಎ380 ವಿಮಾನಗಳನ್ನು ಬೇಡಿತು. ಪೀಣ್ಯದ ಒಡೆಯರ ಕಿವಿಗೂ ಈ ಹುಮ್ಮಸ್ಸಿನ ಸದ್ದು ಬಿತ್ತು. ಮುಂದಿನ ವರ್ಷ ತಿಂಗಳಿಗೆ ಹೆಚ್ಚು ಬ್ರಾಕೆಟ್ಟು ಬೇಕಾಗುತ್ತದೆ, ಸಿದ್ಧರಾಗಿರಿ ಎಂಬ ಸೂಚನೆ ಅವರಿಗೆ ಬಂದಿತ್ತು. ಅದು ಲಿಖಿತ ಬೇಡಿಕೆಯಲ್ಲ, ಅಂದಾಜು ಮಾತ್ರ. ಆದರೂ ಅದನ್ನು ನಂಬಿ ಅವರು ಬ್ಯಾಂಕಿನ ಸಾಲದಲ್ಲಿ ಎರಡನೆಯ ಯಂತ್ರಕ್ಕೆ ಮುಂಗಡ ಕೊಟ್ಟರು.

ಕಾಲ ತಿರುಗಿತು. 2008ರ ಜುಲೈ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್ಲಿಗೆ 147 ಡಾಲರನ್ನು ಮುಟ್ಟಿತು. ಅದಕ್ಕೂ ಮುನ್ನವೇ, ಮೇ ತಿಂಗಳಲ್ಲಿ, ಅಮೆರಿಕದ ಜೆಟ್‌ಬ್ಲೂ ಸಂಸ್ಥೆ 21 ಎ320 ವಿಮಾನಗಳ ಹಸ್ತಾಂತರವನ್ನು ನಾಲ್ಕೈದು ವರ್ಷ ಮುಂದಕ್ಕೆ ಹಾಕಿತ್ತು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿಯಾದ ಮೇಲೆ ತೈಲದ ಬೆಲೆ ಕುಸಿಯಿತು. ಅದರೊಡನೆ ಪ್ರಯಾಣಿಕರ ಸಂಖ್ಯೆಯೂ, ಸಾಲ ಕೊಡುವವರ ಧೈರ್ಯವೂ ಕುಸಿದವು. ಡಾಲರಿಗೆ 40 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ 2009ರ ಆರಂಭದಲ್ಲಿ 50ರ ಸಮೀಪ ಬಂದಿತು. ಬೆಲೆಯನ್ನೂ ಬಾಡಿಗೆಯನ್ನೂ ಡಾಲರಿನಲ್ಲಿಯೇ ತೆರಬೇಕಾದ ಭಾರತದ ಸಂಸ್ಥೆಗಳಿಗೆ ಇದು ಇಮ್ಮಡಿ ಪೆಟ್ಟು. ಆಸ್ಟ್ರೇಲಿಯಾದ ಕ್ವಾಂಟಾಸ್ 2009ರ ಏಪ್ರಿಲ್‌ನಲ್ಲಿ ನಾಲ್ಕು ಎ380 ಹಾಗೂ ಹನ್ನೆರಡು 737 ವಿಮಾನಗಳನ್ನು ಮುಂದೂಡಿತು. ಜೂನ್‌ನಲ್ಲಿ 787 ಮಾದರಿಯ ಹದಿನೈದು ವಿಮಾನಗಳನ್ನು ಕೈಬಿಟ್ಟು, ಮತ್ತೆ ಹದಿನೈದನ್ನು ನಾಲ್ಕು ವರ್ಷ ದೂರ ತಳ್ಳಿತು. ಆ ವರ್ಷಾಂತ್ಯಕ್ಕೆ ರದ್ದಾದುದನ್ನು ಕಳೆದು ಉಳಿದ ಹೊಸ ಬೇಡಿಕೆ ಏರ್‌ಬಸ್‌ಗೆ 271, ಬೋಯಿಂಗ್‌ಗೆ 142 ಮಾತ್ರ.

ವಿಮಾನ ಸಂಸ್ಥೆಗಳು ಒಪ್ಪಂದವನ್ನು ರದ್ದುಮಾಡದೆ ಮುಂದೂಡಿದ್ದೇಕೆ? ರದ್ದುಮಾಡಿದರೆ ಕಟ್ಟಿದ ಮುಂಗಡ ಕೈಬಿಟ್ಟುಹೋಗಬಹುದು. ಸರದಿಯ ಸ್ಥಾನವೂ ಹೋಗುತ್ತದೆ. ತಯಾರಕನಿಗಾದರೂ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಕಾಯುವುದು ಲೇಸು. ಒಬ್ಬರು ಹಿಂದೆ ಸರಿದಾಗ ಸರದಿಯಲ್ಲಿ ಹಿಂದಿದ್ದ ಇನ್ನೊಬ್ಬರನ್ನು ಮುಂದಕ್ಕೆ ಕರೆಯಬಹುದು. ಆದರೆ ಇದಕ್ಕೆ ಒಂದು ನಿಬಂಧನೆಯುಂಟು: ಸಾಕಷ್ಟು ಮೊದಲೇ ತಿಳಿಸಬೇಕು. ವರ್ಷ ಮೊದಲೇ ತಿಳಿಸಿದರೆ ಆ ಸ್ಥಾನ ಬೇರೊಬ್ಬರಿಗೆ ಸಲ್ಲುತ್ತದೆ. ಕೊನೆಯ ಗಳಿಗೆಯಲ್ಲಿ ತಿಳಿಸಿದರೆ ಸಿದ್ಧವಾದ ವಿಮಾನ ಒಡೆಯನಿಲ್ಲದೆ, ಬಾಲದ ಮೇಲೆ ಯಾರ ಗುರುತೂ ಇಲ್ಲದೆ, ಬಿಸಿಲಿನಲ್ಲಿ ನಿಂತಿರುತ್ತದೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಇಷ್ಟೆಲ್ಲ ಮುಂದೂಡಿಕೆ ನಡೆದರೂ 2009ರಲ್ಲಿ ಏರ್‌ಬಸ್ 498, ಬೋಯಿಂಗ್ 481 ವಿಮಾನಗಳನ್ನು ಹಸ್ತಾಂತರಿಸಿದವು. ಹಿಂದಿನ ವರ್ಷದ ಲೆಕ್ಕ ಕ್ರಮವಾಗಿ 483 ಮತ್ತು 375. ಬೋಯಿಂಗ್‌ನ ಈ ಹಿಂದಿನ ಲೆಕ್ಕ ತಗ್ಗಿದ್ದುದಕ್ಕೆ 2008ರ ಶರತ್ಕಾಲದ ಕಾರ್ಮಿಕರ ಮುಷ್ಕರವೂ ಕಾರಣ. ಹೊರನೋಟಕ್ಕೆ ಏನೂ ಆಗಲೇ ಇಲ್ಲವೆಂಬಂತೆ ತೋರುತ್ತದೆ. ಸಾವಿರಾರು ವಿಮಾನಗಳ ಹಳೆಯ ಬೇಡಿಕೆ ಬಾಕಿಯಿದ್ದುದರಿಂದ ದೊಡ್ಡ ಕಾರ್ಖಾನೆಗಳ ಕೆಲಸ ನಿಲ್ಲಲಿಲ್ಲ. ನಿಂತುದು ಏರಿಕೆ ಮಾತ್ರ. ತಿಂಗಳಿಗೆ 36 ಇದ್ದ ಎ320 ವರ್ಗದ ತಯಾರಿಕೆಯನ್ನು 40ರ ಕಡೆಗೆ ಒಯ್ಯುವ ಯೋಜನೆಯನ್ನು ಏರ್‌ಬಸ್ 2008ರ ಅಕ್ಟೋಬರ್‌ನಲ್ಲಿ ತಡೆಹಿಡಿಯಿತು. ಮರುವರ್ಷದ ಅಕ್ಟೋಬರ್‌ನಿಂದ ಅದನ್ನು 34ಕ್ಕೆ ಇಳಿಸುವುದಾಗಿ ಫೆಬ್ರವರಿಯಲ್ಲಿ ಸಾರಿತು. ಮೂವತ್ತಾರರಿಂದ ಮೂವತ್ತನಾಲ್ಕು: ಎರಡೇ ಎರಡು ವಿಮಾನ. ಕೇಳಿದವರಿಗೆ ಇದೇನು ಮಹಾ ಎನ್ನಿಸೀತು.

ಆದರೆ ನೀರು ಮೇಲಿನಿಂದ ಕೆಳಕ್ಕೆ ಹರಿದುಬರುವಾಗ ವೇಗ ಪಡೆಯುವಂತೆ ಈ ಎರಡರ ಲೆಕ್ಕ ಕೆಳಗಿಳಿಯುತ್ತ ಬೆಳೆಯಿತು. ತಿಂಗಳಿಗೆ 40 ವಿಮಾನ ಬರುತ್ತವೆಂದು ನಂಬಿ ನಡುವಿನ ಕಾರ್ಖಾನೆಗಳೆಲ್ಲ ಭಾಗಗಳನ್ನು ಕೂಡಿಟ್ಟುಕೊಂಡಿದ್ದವು. ಬೇಡಿಕೆ ತಗ್ಗುವುದೆಂದು ತಿಳಿದೊಡನೆ ಪ್ರತಿಯೊಬ್ಬರೂ ಹೊಸದಾಗಿ ಕೊಳ್ಳುವುದನ್ನು ನಿಲ್ಲಿಸಿ ಕೂಡಿಟ್ಟುದನ್ನು ಖರ್ಚುಮಾಡತೊಡಗಿದರು. ಮೇಲಿನವನಿಗೆ ನೂರಕ್ಕೆ ಐದು ಕಡಿಮೆಯಾದರೆ ನಡುವಿನವನಿಗೆ ಇಪ್ಪತ್ತು ಕಡಿಮೆಯಾಗಬಹುದು. ತೀರ ಕೆಳಗಿನವನಿಗೆ ಕೆಲವು ತಿಂಗಳ ಮಟ್ಟಿಗೆ ಬೇಡಿಕೆಯೇ ಇಲ್ಲವಾಗಬಹುದು. ಪೀಣ್ಯದ ಆ ಕಾರ್ಖಾನೆ ಇದ್ದುದು ಹೀಗೆ ತೀರ ಕೆಳಗೆ. 2008ರ ಆಯುಧಪೂಜೆಗೆ ಹೊಸ ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿ ಸಿಹಿ ಹಂಚಿದ್ದರು. 2009ರ ಜನವರಿಯಲ್ಲಿ, ಸಂಕ್ರಾಂತಿಗೆ ಕೆಲವು ದಿನ ಮುಂಚೆ, ದೊಡ್ಡ ಕಾರ್ಖಾನೆಯಿಂದ ಮೂರು ಸಾಲಿನ ಪತ್ರ ಬಂದಿತು: ಜೂನ್‌ವರೆಗೆ ಮುಂದಿನ ಕಂತು ಕಳುಹಿಸಬೇಡಿ. ಸಿದ್ಧವಾಗಿದ್ದ ನಾಲ್ಕು ನೂರಕ್ಕೂ ಹೆಚ್ಚು ಬ್ರಾಕೆಟ್ಟುಗಳು ರ‍್ಯಾಕಿನಲ್ಲಿಯೇ ಉಳಿದವು. ಒಂದು ವಿಮಾನದ ನಕ್ಷೆಗೆ ತಕ್ಕಂತೆ ಕೊರೆದ ಭಾಗ ಬೇರೆಲ್ಲಿಗೂ ಸಲ್ಲದು. ಬೇರೆಯವರಿಗೆ ಮಾರೋಣವೆಂದರೆ ಅದು ಗುಜರಿಯ ಬೆಲೆಗಷ್ಟೇ.

ಒಡೆಯರು ಆ ಪತ್ರವನ್ನು ಓದಿ ಮೇಜಿನ ಒಳಗಿಟ್ಟರು. ಮೂರು ವಾರ ಯಾರಿಗೂ ಹೇಳಲಿಲ್ಲ. ಅವರದು ಕೆಟ್ಟ ಉದ್ದೇಶವಾಗಿರಲಿಲ್ಲ. ಇನ್ನೊಂದು ಪತ್ರ ಬಂದೀತು, ಎಲ್ಲ ಸರಿಹೋದೀತು, ಸುಮ್ಮನೆ ಹುಡುಗರ ಎದೆ ಒಡೆಯುವುದೇಕೆ ಎಂಬ ಲೆಕ್ಕಾಚಾರ. ಹಳೆಯ ಬೇಡಿಕೆಯ ಚಿಲ್ಲರೆ ಕೆಲಸ ನಡೆಯುತ್ತಿತ್ತು. ಯಂತ್ರದ ಸದ್ದು ನಿಂತಿರಲಿಲ್ಲ. ಅಲ್ಯೂಮಿನಿಯಂ ಕೊಟ್ಟವರಿಗೆ ಬರುವ ತಿಂಗಳು ಕೊಡುತ್ತೇನೆಂದರು. ಬ್ಯಾಂಕಿಗೆ ಹೋಗಿ ಅಸಲಿನ ಕಂತುಗಳನ್ನು ಮುಂದಕ್ಕೆ ಹಾಕಿಸಿಕೊಂಡರು. ಬಡ್ಡಿ ಮಾತ್ರ ಓಡುತ್ತಲೇ ಇತ್ತು. ತಾವೂ ಮುಂದೂಡುವವರ ಸಾಲಿನಲ್ಲಿ ನಿಂತಿದ್ದೇವೆ ಎಂಬ ಅರಿವು ಅವರಿಗೆ ಆಗ ಆಗಲಿಲ್ಲ.

ಆ ಅರಿವು ಬಂದುದು ಹಳ್ಳಿಯಿಂದ. ಜನವರಿಯ ಕೊನೆಯಲ್ಲಿ ತಾಯಿಯವರು ಫೋನಿನಲ್ಲಿ ಮನೆಯ ಸುದ್ದಿ ಹೇಳುತ್ತ, ಹತ್ತಿಯ ಹಣ ಈ ತಿಂಗಳು ಬರುವುದಿಲ್ಲವೆಂದರು. ವ್ಯಾಪಾರಿ ಮೋಸ ಮಾಡಿದನೇ ಎಂದು ಮಗ ಕೇಳಿದರು. ತಾಯಿ ಹೇಳಿದರು: “ಇಲ್ಲ ತಮ್ಮಾ, ಅಂವಾ ಮನಿಗೇ ಬಂದು ಹೇಳಿ ಹೋದಾ. ಹಿಂಗಾಗಿ ನಾವೂ ಎಮ್ಮಿ ತರೂದು ಬಿಟ್ಟಿವಿ. ಹೇಳದ ಇದ್ದಿದ್ರ ಸಂತ್ಯಾಗ ಮಾತು ಕೊಟ್ಟು ಬರತಿದ್ದಿವಿ.” ತಾಯಿಗೆ ಮಗನ ಪತ್ರದ ವಿಷಯ ತಿಳಿದಿರಲಿಲ್ಲ; ಅವರು ಎಮ್ಮೆಯ ಮಾತನ್ನಷ್ಟೇ ಆಡಿದ್ದರು. ಮಗನಿಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಫೆಬ್ರವರಿಯ ಮೊದಲ ವಾರ ಅವರು ಹನ್ನೊಂದು ಜನರನ್ನೂ ಕೂಡಿಸಿ ಪತ್ರವನ್ನು ಓದಿ ಹೇಳಿದರು. ಎರಡೇ ದಾರಿ: ನಾಲ್ವರನ್ನು ಬಿಡಬೇಕು, ಇಲ್ಲವೇ ಎಲ್ಲರೂ ವಾರಕ್ಕೆ ನಾಲ್ಕು ದಿನ ದುಡಿದು ಅಷ್ಟಕ್ಕೇ ಪಗಾರ ಪಡೆಯಬೇಕು. ಗದಗಿನ ಕಡೆಯ ಹಿರಿಯ ಕೆಲಸಗಾರರೊಬ್ಬರು, “ಎಲ್ಲಾರೂ ಅರ್ಧಾ ಉಂಡ್ರ ಒಬ್ಬನೂ ಉಪವಾಸ ಬೀಳೂದಿಲ್ರಿ” ಎಂದರು. ಬಹುಮಂದಿ ತಲೆಯಾಡಿಸಿದರು. ಬರ್ ತೆಗೆಯುವ ಕೆಲಸದಲ್ಲಿದ್ದ ಎಲ್ಲರಿಗಿಂತ ಕಿರಿಯವನು ಮಾತ್ರ ಸುಮ್ಮನೆ ನಿಂತಿದ್ದ. ಕೊರೆದ ಅಂಚಿನಲ್ಲಿ ಉಳಿಯುವ ಕೂದಲೆಳೆಯಷ್ಟು ಲೋಹವನ್ನು ಬೆರಳ ತುದಿಯಿಂದಲೇ ಪತ್ತೆಹಚ್ಚಬಲ್ಲ ಹುಡುಗ. ಕೊನೆಗೆ ಅವನು ಒಂದೇ ಪ್ರಶ್ನೆ ಕೇಳಿದ: “ಸಾಹೇಬ್ರ, ನಿಮಗ ಇದು ಯಾವಾಗ ಗೊತ್ತಾತ್ರಿ?”

ಸುಳ್ಳು ಹೇಳಲು ಅವಕಾಶವಿತ್ತು. ಒಡೆಯರು ಹೇಳಲಿಲ್ಲ. “ಸಂಕ್ರಾಂತಿ ಮುಂದ” ಎಂದರು.

“ನಾ ಮುಂಗಡಾ ಕೊಟ್ಟಿದ್ದು ಸಂಕ್ರಾಂತಿ ಆದಮ್ಯಾಲ್ರಿ” ಎಂದ ಹುಡುಗ.

ಊರಿನಲ್ಲಿದ್ದ ಹೆಂಡತಿ ಮತ್ತು ಕೂಸನ್ನು ಕರೆತರಲೆಂದು ಅವನು ಲಗ್ಗೆರೆಯಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದ. ತಿಂಗಳ ಬಾಡಿಗೆ 1,500. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಮುಂಗಡ 15,000. ಅದರಲ್ಲಿ ಹತ್ತು ಸಾವಿರ ಬಡ್ಡಿಗೆ ತಂದ ಕೈಸಾಲ. ಪತ್ರ ಬಂದ ದಿನವೇ ತಿಳಿದಿದ್ದರೆ ಅವನು ಆ ಹಣ ಕೊಡುತ್ತಿರಲಿಲ್ಲ. ಎಲ್ಲೋ ವಿಮಾನ ಸಂಸ್ಥೆಯೊಂದು ತನ್ನ ಮುಂಗಡವನ್ನು ಉಳಿಸಿಕೊಳ್ಳಲು ಮಾಡಿದ ಮುಂದೂಡಿಕೆ ಊರೂರು ಇಳಿದು, ಕೈಯಿಂದ ಕೈಗೆ ದಾಟಿ, ಕೊನೆಗೆ ಈ ಹುಡುಗನ ಮುಂಗಡದ ಮೇಲೆ ಬಂದು ನಿಂತಿತ್ತು. ಅವನಿಂದ ಮುಂದಕ್ಕೆ ಅದನ್ನು ದಾಟಿಸಲು ಯಾರೂ ಇರಲಿಲ್ಲ. ಕೂಸಿನ ಹಾಲನ್ನು ಮುಂದಿನ ಜೂನ್‌ಗೆ ಹಾಕಲು ಬರುವುದಿಲ್ಲ.

ಒಡೆಯರು ತಮ್ಮ ಕೈಯಿಂದ ಆ ಕೈಸಾಲವನ್ನು ಮೂರು ಕಂತಿನಲ್ಲಿ ತೀರಿಸಿಕೊಟ್ಟರು. ಆದರೆ ಯುಗಾದಿಯ ಹೊತ್ತಿಗೆ ಹೆಂಡತಿ, ಕೂಸು ಊರಿಗೆ ಹಿಂತಿರುಗಿದ್ದರು. ಮೇ ತಿಂಗಳಲ್ಲಿ ಹುಡುಗನೂ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ. ಇನ್ನೊಬ್ಬ ತುಮಕೂರಿಗೆ ಹೋದ. ಉಳಿದ ಒಂಬತ್ತು ಮಂದಿ ಅರ್ಧ ಪಗಾರದಲ್ಲಿ ಆ ವರ್ಷವನ್ನು ದಾಟಿದರು. 2010ರಲ್ಲಿ ಬೇಡಿಕೆ ಮತ್ತೆ ಬಂದಾಗ ಒಡೆಯರು ಹುಬ್ಬಳ್ಳಿಗೆ ಫೋನು ಮಾಡಿ ಹುಡುಗನನ್ನು ಕರೆದರು. ಅವನು ಮರ್ಯಾದೆಯಿಂದಲೇ, “ಇಲ್ಲೇ ಛಲೋ ಐತ್ರಿ, ಸಾಹೇಬ್ರ” ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಮಾಧಾನ ಹೇಳಬಹುದಿತ್ತು ಎಂದು ಅವರು ಈಗಲೂ ನೆನೆಯುತ್ತಾರೆ.

ಅದೇ ಕಾಲದಲ್ಲಿ ಮಾತು ಕೊಟ್ಟ ದೊಡ್ಡವರ ಕಥೆ ಏನಾಯಿತು ಎಂಬುದನ್ನೂ ನೋಡಬೇಕು. ಇಂಡಿಗೊ ಒಂದೇ ಬಗೆಯ ವಿಮಾನವನ್ನು ನೆಚ್ಚಿ, ಕೊಂಡುದನ್ನು ಮಾರಿ ಬಾಡಿಗೆಗೆ ಪಡೆಯುವ ಕ್ರಮದಿಂದ ಹಣ ಹೊಂದಿಸಿಕೊಳ್ಳುತ್ತ, ಹಿಂಜರಿತದ ವರ್ಷಗಳಲ್ಲಿಯೂ ವಿಮಾನಗಳನ್ನು ಪಡೆಯುತ್ತ ಹೋಗಿ, 2005ರಲ್ಲಿ ಹೇಳಿದ ಮೊದಲ ನೂರನ್ನು 2014ರಲ್ಲಿ ಪೂರೈಸಿತು. ಕಿಂಗ್‌ಫಿಷರ್ 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಾಟ ಆರಂಭಿಸಿತು. ಆದರೆ ಅದು ಬೇಡಿದ್ದ ಎ380 ವಿಮಾನಗಳಲ್ಲಿ ಒಂದೂ ಅದರ ಕೈಸೇರಲಿಲ್ಲ. ಅದಕ್ಕೆಂದೇ ಸಿದ್ಧವಾದ ಎ340 ವಿಮಾನಗಳಲ್ಲಿ ಎರಡು ನೈಜೀರಿಯದ ಆರಿಕ್ ಏರ್ ಪಾಲಾದವು. 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಕೊನೆಯ ದಿನಗಳಲ್ಲಿ ಅಲ್ಲಿಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಹೂಡಿದ್ದನ್ನು ನಾಡು ಕಂಡಿದೆ. ವಿಮಾನವನ್ನು ಮುಂದೂಡಬಹುದು, ಸಾಲವನ್ನು ಮುಂದೂಡಬಹುದು. ದುಡಿದವನ ಕೂಲಿಯನ್ನು ಮುಂದೂಡತೊಡಗಿದ ಮೇಲೆ ಸಂಸ್ಥೆಯಲ್ಲಿ ಉಳಿಯುವುದು ಹೆಸರು ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ 2010ರಿಂದ ಒಂದು ಕರಿಹಲಗೆ ತೂಗುತ್ತಿದೆ. ಪ್ರತಿ ತಿಂಗಳ ಮೊದಲ ದಿನ ಮುಂದಿನ ಮೂರು ತಿಂಗಳ ಬೇಡಿಕೆಯನ್ನು ಒಡೆಯರೇ ಸೀಮೆಸುಣ್ಣದಲ್ಲಿ ಅದರ ಮೇಲೆ ಬರೆಯುತ್ತಾರೆ: ಲಿಖಿತವಾಗಿ ಬಂದುದು ಇಷ್ಟು, ಬರಿಯ ಅಂದಾಜು ಇಷ್ಟು. ಮದುವೆ ನಿಶ್ಚಯಿಸುವವರು, ಮನೆ ಹಿಡಿಯುವವರು, ಸಾಲ ತೆಗೆಯುವವರು ಆ ಹಲಗೆಯನ್ನು ನೋಡಿ ಮುಂದುವರಿಯುತ್ತಾರೆ. ಮೊದಮೊದಲು ಬೇರೆ ಕಾರ್ಖಾನೆಯವರು ನಕ್ಕರು. ವ್ಯಾಪಾರದ ಗುಟ್ಟನ್ನು ಗೋಡೆಗೆ ಬರೆಯುವವರುಂಟೇ ಎಂದರು.

2020ರಲ್ಲಿ ಆ ಹಲಗೆಗೆ ಪರೀಕ್ಷೆ ಬಂದಿತು. ಕೋವಿಡ್ ಮಹಾಮಾರಿಯಿಂದ ಜಗತ್ತಿನ ವಿಮಾನಗಳು ನೆಲಕ್ಕಿಳಿದಾಗ ಸಂಸ್ಥೆಗಳು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಹಸ್ತಾಂತರವನ್ನು ಮುಂದೂಡಿದವು. ಆ ಏಪ್ರಿಲ್‌ನಲ್ಲಿ ಏರ್‌ಬಸ್ ತನ್ನ ತಯಾರಿಕೆಯನ್ನು ಸುಮಾರು ಮೂರನೆಯ ಒಂದು ಭಾಗ ತಗ್ಗಿಸಿ, ಎ320 ವರ್ಗವನ್ನು ತಿಂಗಳಿಗೆ 40ಕ್ಕೆ ಇಳಿಸಿತು. 2019ರಲ್ಲಿ 863 ಇದ್ದ ಅದರ ಹಸ್ತಾಂತರ 566ಕ್ಕೆ ಬಿತ್ತು, ಬೋಯಿಂಗ್‌ನದು 157ಕ್ಕೆ. ಇದು ಎರಡು ವಿಮಾನಗಳ ಇಳಿಕೆಯಲ್ಲ, ನೂರಾರು ವಿಮಾನಗಳದು. ಸುದ್ದಿ ತಿಳಿದ ದಿನವೇ ಒಡೆಯರು ಒಬ್ಬೊಬ್ಬರಿಗೂ ಫೋನು ಮಾಡಿ, ಬರುವ ಆರು ತಿಂಗಳು ಅರ್ಧ ಪಗಾರವೆಂದು ತಿಳಿಸಿದರು. ಕೆಲವರು ಊರು ಸೇರಿದರು, ಕೆಲವರು ಉಳಿದರು. ಕಷ್ಟ ಎಲ್ಲರಿಗೂ ಬಂದಿತು. ಆದರೆ ಯಾರೂ ತಿಳಿಯದೆ ಮುಂಗಡ ಕೊಟ್ಟು ಕೈಸುಟ್ಟುಕೊಳ್ಳಲಿಲ್ಲ. ಊರಿಗೆ ಹೋದವರಲ್ಲಿ ಇಬ್ಬರ ಹೊರತು ಉಳಿದವರೆಲ್ಲ 2021ರಲ್ಲಿ ಹಿಂತಿರುಗಿದರು.

ಇಂದು ಚಕ್ರ ಇನ್ನೊಂದು ಸುತ್ತು ತಿರುಗಿದೆ. 2023ರ ಕೊನೆಗೆ ಏರ್‌ಬಸ್ ಒಂದರ ಬಳಿಯೇ ಎಂಟು ಸಾವಿರಕ್ಕೂ ಹೆಚ್ಚು ವಿಮಾನಗಳ ಬೇಡಿಕೆ ಬಾಕಿಯಿತ್ತು. ಅಂದು ಬೇಡ, ತಡೆಯಿರಿ ಎಂದ ಸಂಸ್ಥೆಗಳೇ ಬೇಗ ಕೊಡಿ ಎಂದು ಕಾಯುವಂತಾಯಿತು. ತಯಾರಕರು ಕೊಡಲಾರದೆ ತಡಮಾಡುವಂತಾಯಿತು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, 2020ರಲ್ಲಿ ಕೆಲಸ ಬಿಡಿಸಿದ ನುರಿತ ಕೈಗಳು ಮರಳಿ ಬರಲಿಲ್ಲವೆಂಬುದು. ಯಂತ್ರವನ್ನು ನಿಲ್ಲಿಸಿ ಮತ್ತೆ ನಡೆಸಬಹುದು. ಬೆರಳ ತುದಿಯಲ್ಲಿ ನೆಲೆಸಿದ ವಿದ್ಯೆಯನ್ನು ಹಾಗೆ ನಿಲ್ಲಿಸಿ ನಡೆಸಲು ಬರುವುದಿಲ್ಲ. ಅದು ಎದ್ದು ಹುಬ್ಬಳ್ಳಿಗೆ ಹೋಗಿಬಿಡುತ್ತದೆ.

ಕಷ್ಟಕಾಲದಲ್ಲಿ ಕೊಟ್ಟ ಮಾತನ್ನು ಮುಂದೂಡುವುದು ಅನಿವಾರ್ಯವಾಗಬಹುದು. ಅದನ್ನು ಪೂರ್ಣವಾಗಿ ತಪ್ಪಿಸಬಲ್ಲವರು ಯಾರೂ ಇಲ್ಲ. ಆದರೆ ಮುಂದೂಡುವವನ ಮೇಲೆ ಎರಡು ಹೊಣೆಗಳಿವೆ. ತಿಳಿದ ದಿನವೇ ತಿಳಿಸುವುದು ಒಂದು. ತನ್ನ ಕೆಳಗೆ ಇನ್ನು ಮುಂದೂಡಲಾಗದವನು ಯಾರಿದ್ದಾನೆ ಎಂದು ತಿರುಗಿ ನೋಡುವುದು ಇನ್ನೊಂದು. ಪೀಣ್ಯದ ಆ ಒಡೆಯರು ಮೊದಲನೆಯದನ್ನು ಮೂರು ವಾರ ತಡವಾಗಿ ಕಲಿತರು. ಆ ಮೂರು ವಾರದ ಬೆಲೆಯನ್ನು ತೆತ್ತವನು ಬೇರೊಬ್ಬ. ತಿಂಗಳ ಮೊದಲ ದಿನ ಹಲಗೆಯ ಮೇಲೆ ಅಂಕಿಗಳನ್ನು ಬರೆಯುವಾಗ ಅವರು ಬಹುಶಃ ಅವನಿಗಾಗಿಯೇ ಬರೆಯುತ್ತಾರೆ. ಓದುಗರೂ ತಮ್ಮ ತಮ್ಮ ಮೇಜಿನ ಒಳಗೆ ಯಾರಿಗೂ ಹೇಳದೆ ಇಟ್ಟ ಪತ್ರ ಯಾವುದಾದರೂ ಉಂಟೇ ಎಂದು ಒಮ್ಮೆ ನೋಡಿಕೊಳ್ಳುವುದು ಲೇಸು.